ಹೂಂ ಅಂದರೆ ಅರ್ಥವಾಯಿತು ಅಂತಲ್ಲ

ಏಳನೇ ತರಗತಿಯ ಹುಡುಗಿಯೊಬ್ಬಳು ಪೋಸ್ಟ್ ಕಾರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ: "ಆಂಟಿ, ನಮ್ಮ ಮನೆ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟುತ್ತಿದ್ದಾರೆ. ಅಲ್ಲಿ ಕೆಲಸ ಮಾಡುವವರಿಗೆ ಕನ್ನಡ ಬರುವುದಿಲ್ಲ. ಅವರಿಗೆ ಹುಷಾರಿಲ್ಲದೆ ನಿಮ್ಮ ಆಸ್ಪತ್ರೆಗೆ ಬಂದರೆ ಏನಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?"

ಒಳ್ಳೆಯ ಪ್ರಶ್ನೆ. ನರ್ಸಿಂಗ್ ಓದುವಾಗ ಇಂಜೆಕ್ಷನ್ ಎಲ್ಲಿ ಕೊಡಬೇಕು, ನಾಡಿ ಹೇಗೆ ಎಣಿಸಬೇಕು, ಗಾಯಕ್ಕೆ ಡ್ರೆಸ್ಸಿಂಗ್ ಹೇಗೆ ಮಾಡಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ನಮ್ಮ ಮಾತು ಬಾರದವರ ನೋವನ್ನು ಕೇಳಿ ತಿಳಿದುಕೊಳ್ಳುವುದನ್ನು ಮಾತ್ರ ನಾವು ಬಹುಮಟ್ಟಿಗೆ ವಾರ್ಡಿನಲ್ಲೇ ಕಲಿಯುತ್ತೇವೆ. ಹಿರಿಯ ಸಿಸ್ಟರುಗಳು ಕಲಿಸುತ್ತಾರೆ, ಆಯಾಗಳು ಕಲಿಸುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ರೋಗಿಗಳೇ ಕಲಿಸುತ್ತಾರೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮನೆಮಾತಾಗಿರುವವರು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿನಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳಂ, ಇನ್ನೂ ಹಲವು ಭಾಷೆಗಳಿವೆ. ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮಂಥ ಆಸ್ಪತ್ರೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಮೊದಲನೇ ಹಾಸಿಗೆಯಲ್ಲಿ ಮಾಗಡಿ ಕಡೆಯ ಅಜ್ಜ. ಎರಡರಲ್ಲಿ ಅನಂತಪುರದಿಂದ ಬಂದ ಗಾರೆ ಕೆಲಸದವರು. ಮೂರರಲ್ಲಿ ಕೃಷ್ಣಗಿರಿಯ ತಮಿಳು ತಾಯಿ. ನಾಲ್ಕರಲ್ಲಿ ಸಿಂಧನೂರಿನ ಡ್ರೈವರ್. ಐದರಲ್ಲಿ ಬಂಗಾಳದ ಮುರ್ಷಿದಾಬಾದಿನಿಂದ ಬಂದ ಯುವಕ. ಆರರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವನು. ಆರು ಜನರಿಗೆ ಐದು ಭಾಷೆ, ಒಬ್ಬಳೇ ಸಿಸ್ಟರ್.

ಹೊಟ್ಟೆನೋವಿಗೆ ಎಷ್ಟು ಹೆಸರು?

ನಾನು ವಿಜಯಪುರದ ಕಡೆಯವಳು. ಕೆಲಸಕ್ಕೆ ಸೇರಿದ್ದು ಮಂಗಳೂರಿನಲ್ಲಿ. ಕರ್ನಾಟಕದ ಒಳಗೇ ಇದ್ದೇನೆ, ಭಾಷೆಯ ಚಿಂತೆ ಇಲ್ಲ ಎಂದುಕೊಂಡು ಹೋದವಳಿಗೆ ಮೊದಲ ದಿನವೇ ಹೆಡ್ ಸಿಸ್ಟರ್ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, "ಇದನ್ನು ಜೇಬಲ್ಲಿಟ್ಟುಕೋ, ಬರೀ" ಅಂದರು. ಅವರು ಬರೆಸಿದ ಮೊದಲ ಮಾತು 'ಬಂಜಿ ಬೇನೆ'. ತುಳುವಿನಲ್ಲಿ ಬಂಜಿ ಅಂದರೆ ಹೊಟ್ಟೆ, ಬೇನೆ ಅಂದರೆ ನೋವು. "ನೆನಪಿಡು, ಬಂಜಿನಾಳ್ ಅಂದರೆ ಬಸುರಿ. ನಿಮ್ಮ ಕನ್ನಡದ ಬಂಜೆ ಅಂತ ತಿಳಿದುಕೊಂಡೀಯ!" ಎಂದು ಅವರು ನಗುತ್ತಾ ಎಚ್ಚರಿಸಿದ್ದು ಇವತ್ತಿಗೂ ಮರೆತಿಲ್ಲ. ಒಂದೇ ಕಡೆಯಿಂದ ಬಂದಂತೆ ಕಾಣುವ ಎರಡು ಮಾತು, ಅರ್ಥ ಪೂರ್ತಿ ತಿರುಗುಮುರುಗು.

ಆ ನೋಟ್‌ಬುಕ್ಕಿನ ಮೊದಲ ಪುಟ ತುಂಬಾ ಹೊಟ್ಟೆನೋವೇ. ಕೊಂಕಣಿಯವರು 'ಪೊಟ್ ದುಕ್ತಾ' ಅನ್ನುತ್ತಾರೆ. ಮಲಯಾಳಂನಲ್ಲಿ 'ವಯರು ವೇದನ'. ತಮಿಳಿನಲ್ಲಿ 'ವಯಿತ್ತು ವಲಿ'. ತೆಲುಗಿನಲ್ಲಿ 'ಕಡುಪು ನೊಪ್ಪಿ'. ಹಿಂದಿಯವರು 'ಪೇಟ್ ಮೇ ದರ್ದ್' ಅನ್ನುತ್ತಾರೆ. ಬಂಗಾಳಿಯವರು 'ಪೇಟೇ ಬ್ಯಥಾ' ಅನ್ನುತ್ತಾರೆ. ಅವರ ಪೇಟೇ ನಮ್ಮ ಸಂತೆ ಪೇಟೆಯಲ್ಲ, 'ಹೊಟ್ಟೆಯಲ್ಲಿ' ಅಂತ ಅರ್ಥ. ಅವರ ಬ್ಯಥಾ ನಮ್ಮ ವ್ಯಥೆಯೇ. ಆದರೆ ನಮಗೆ ವ್ಯಥೆ ಮನಸ್ಸಿಗೆ ಆಗುವುದು, ಅವರಿಗೆ ಮೈಗೂ ಆಗುವುದು.

ನಮ್ಮ ಕೆಲಸಕ್ಕೆ ಇಡೀ ಭಾಷೆ ಕಲಿಯಬೇಕಾಗಿಲ್ಲ. ನೋವು, ಉಸಿರು, ಎದೆ, ವಾಂತಿ, ಜ್ವರ, ತಲೆಸುತ್ತು, ಮೂತ್ರ, ನೀರು, 'ಎಲ್ಲಿ', 'ಎಷ್ಟು ದಿನದಿಂದ', 'ಭಯ ಬೇಡ' — ಹತ್ತು ಹನ್ನೆರಡು ಮಾತು ಗೊತ್ತಿದ್ದರೆ ರಾತ್ರಿ ಪಾಳಿ ನಡೆಯುತ್ತದೆ. ಅದರಲ್ಲೂ 'ಭಯ ಬೇಡ' ಅನ್ನುವುದನ್ನು ಅವರ ಭಾಷೆಯಲ್ಲಿ ಹೇಳಿದಾಗ ಹಾಸಿಗೆಯಲ್ಲಿದ್ದವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಉಂಡೋ? ಇನ್ನೂ ಉಂಡಿಲ್ಲ!

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಬಹಳ. ಓದು ಮುಗಿಸಿ ಇಲ್ಲಿಯೇ ಕೆಲಸಕ್ಕೆ ನಿಲ್ಲುವವರೂ ಇದ್ದಾರೆ. ಹಾಗೆ ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಹರ್ನಿಯಾ ಆಪರೇಷನ್ ಆಗಿದ್ದ ಬಾಗಲಕೋಟೆ ಕಡೆಯ ಅಜ್ಜನ ಹತ್ತಿರ ಹೋಗಿ, ಗೊತ್ತಿದ್ದಷ್ಟು ಮಾತು ಕೂಡಿಸಿ, "ಅಪ್ಪಚ್ಚಾ, ವೇದನ ಉಂಡೋ?" ಎಂದು ಕೇಳಿದಳು. ನೋವು ಇದೆಯಾ ಅಂತ ಅವಳ ಪ್ರಶ್ನೆ. ಅಜ್ಜ ಮೈಯೆಲ್ಲಾ ಕಿವಿಯಾಗಿ ಕೇಳಿ, "ಎಲ್ಲಿ ಉಂಡೇನವ್ವಾ! ನನ್ನ ಮಗಾ ಗಂಜಿ ತರಾಕ ಹೋಗ್ಯಾನ, ಇನ್ನೂ ಬಂದಿಲ್ಲ" ಅಂದರು.

ಇಡೀ ವಾರ್ಡು ನಕ್ಕಿತು. ಅಜ್ಜನೂ ನಕ್ಕರು, ನಕ್ಕಾಗ ಹೊಲಿಗೆ ಎಳೆದು "ಅಯ್ಯಯ್ಯಪ್ಪಾ!" ಅಂದರು. ಹಾಗೆ ನೋವು ಇದೆಯೋ ಇಲ್ಲವೋ ಎಂಬುದಕ್ಕೆ ಉತ್ತರವೂ ಸಿಕ್ಕಿತು. ಆಮೇಲೆ ಅಜ್ಜನೇ ಆ ಹುಡುಗಿಗೆ ಗುರುವಾದರು. ಡಿಸ್ಚಾರ್ಜ್ ಆಗುವ ಹೊತ್ತಿಗೆ ಅವಳು "ಅಜ್ಜಾರ, ಬ್ಯಾನಿ ಐತೇನ್ರಿ?" ಎಂದು ಕೇಳುವಷ್ಟು ಉತ್ತರ ಕರ್ನಾಟಕದವಳಾಗಿದ್ದಳು.

ಈ ಕಥೆಯಲ್ಲಿ ಯಾರಿಗೂ ತೊಂದರೆ ಆಗಲಿಲ್ಲ. ಯಾಕೆಂದರೆ ಅಜ್ಜನ ಉತ್ತರ ಕೇಳಿದ ಕೂಡಲೇ ಮಾತು ಮುಟ್ಟಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಗೊತ್ತಾದ ಗೊಂದಲವನ್ನು ಸರಿಮಾಡುವುದು ಸುಲಭ. ನಿಜವಾದ ಭಯ ಇರುವುದು, ಗೊಂದಲವಾಗಿದೆ ಎಂಬುದೇ ಯಾರಿಗೂ ಗೊತ್ತಾಗದೆ ಇದ್ದಾಗ.

ಇದಕ್ಕೆ ವೈದ್ಯಕೀಯ ಪಾಠಗಳಲ್ಲಿ ಮತ್ತೆ ಮತ್ತೆ ಹೇಳುವ ಒಂದು ಪ್ರಸಂಗವಿದೆ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾ ಮೂಲದವರು, ಸ್ಪ್ಯಾನಿಷ್ ಮಾತಾಡುವವರು. ತಿಂದದ್ದು ಏನೋ ಕೆಟ್ಟು ಹೀಗಾಗಿರಬೇಕು ಎಂದುಕೊಂಡು 'ಇಂಟಾಕ್ಸಿಕಾದೋ' ಎಂಬ ಮಾತು ಬಳಸಿದರು. ಆಸ್ಪತ್ರೆಯವರಿಗೆ ಅದು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಎಂದು ಕೇಳಿಸಿತು. ಹುಡುಗ ಮಾದಕ ವಸ್ತು ಅತಿಯಾಗಿ ತೆಗೆದುಕೊಂಡಿದ್ದಾನೆ ಎಂದು ತಿಳಿದು ಅದಕ್ಕೇ ಚಿಕಿತ್ಸೆ ಕೊಟ್ಟರು. ನಿಜದಲ್ಲಿ ಅವನ ಮಿದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಹುಡುಗ ಬದುಕಿದ, ಆದರೆ ಎರಡು ಕೈ, ಎರಡು ಕಾಲು ಸ್ವಾಧೀನ ತಪ್ಪಿದವು. ಜೀವನಪೂರ್ತಿ ಅವನ ಆರೈಕೆಗೆಂದು ಸುಮಾರು 7 ಕೋಟಿ 10 ಲಕ್ಷ ಡಾಲರ್ ಪರಿಹಾರದ ಒಪ್ಪಂದವಾಯಿತು.

ಅಲ್ಲಿ ದುಭಾಷಿಯನ್ನು ಯಾಕೆ ಕರೆಯಲಿಲ್ಲ? ಹೇಳಿದ್ದು ತಮಗೆ ತಿಳಿಯಿತು ಎಂದು ಆಸ್ಪತ್ರೆಯವರು ಅಂದುಕೊಂಡರು. ಹೇಳಿದ್ದು ಅವರಿಗೆ ತಿಳಿಯಿತು ಎಂದು ಮನೆಯವರು ಅಂದುಕೊಂಡರು.

ಕನ್ನಡಕ್ಕೂ ಕನ್ನಡಕ್ಕೂ ನಡುವೆ

ಇದು ಪರಭಾಷೆಯವರ ಕಥೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ಕನ್ನಡದಲ್ಲೇ ನೋಡಿ. ಹಳೇ ಮೈಸೂರಿನವರಿಗೆ 'ಹುಷಾರಿಲ್ಲ', ನಮ್ಮ ಕಡೆಯವರಿಗೆ 'ಆರಾಮಿಲ್ಲ'. ಹಿಂದಿ ಬಲ್ಲವರಿಗೆ ಹುಷಾರು ಅಂದರೆ ಬುದ್ಧಿವಂತಿಕೆ. 'ಮಗೂಗೆ ಹುಷಾರಿಲ್ಲ' ಅಂದರೆ ಮಗು ದಡ್ಡ ಎಂದು ತಿಳಿದಾರು! 'ಕಣ್ಣು ಕತ್ತಲೆ ಬರ್ತದೆ' ಎಂದು ಹೇಳಿದವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರೆ ಪ್ರಯೋಜನವಿಲ್ಲ. ಅವರಿಗೆ ತಲೆ ತಿರುಗಿ ಬೀಳುವಂತಾಗಿದೆ. ಬಿ.ಪಿ. ನೋಡಬೇಕು, ಸಕ್ಕರೆ ನೋಡಬೇಕು, ರಕ್ತ ಕಡಿಮೆ ಇದೆಯಾ ನೋಡಬೇಕು. 'ಒಂದಕ್ಕೆ ಹೋಗ್ಬೇಕು' ಅಂದರೆ ಏನು, 'ಚರಿಗಿ ತಗೊಂಡು ಹೋಗೂದು' ಅಂದರೆ ಏನು ಎಂದು ಹೊಸ ಸಿಸ್ಟರಿಗೆ ಯಾರಾದರೂ ಹೇಳಿಕೊಡಬೇಕು.

ಇನ್ನು ಊಟದ ವಿಷಯ. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. "ರಾತ್ರಿ ಹನ್ನೆರಡರ ಮೇಲೆ ಊಟ ಮಾಡಬೇಡಿ" ಎಂದು ಹೇಳಿದರೆ ನಮ್ಮವರು ಖಂಡಿತ ಊಟ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಎರಡು ಇಡ್ಲಿ ತಿಂದು, ಕಾಫಿ ಕುಡಿದು, "ಊಟ ಮಾಡಿಲ್ಲ ಸಿಸ್ಟರ್, ಬರೀ ತಿಂಡಿ" ಎನ್ನುತ್ತಾರೆ. ಅವರು ಸುಳ್ಳು ಹೇಳಿಲ್ಲ. ನಮ್ಮಲ್ಲಿ ಊಟ ಬೇರೆ, ತಿಂಡಿ ಬೇರೆ. ಅದಕ್ಕೇ ನಮ್ಮ ವಾರ್ಡಿನಲ್ಲಿ ಈಗ ಪಟ್ಟಿಯನ್ನೇ ಹೇಳುತ್ತೇವೆ: ಊಟ ಇಲ್ಲ, ತಿಂಡಿ ಇಲ್ಲ, ಬಿಸ್ಕತ್ತು ಇಲ್ಲ, ಕಾಫಿ ಟೀ ಹಾಲು ಇಲ್ಲ, ಎಲೆ ಅಡಿಕೆ ಇಲ್ಲ. ನೀರನ್ನೂ ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಗಡಿಯಾರ ತೋರಿಸಿ ಹೇಳುತ್ತೇವೆ.

'ಅರ್ಥ ಆಯ್ತಾ?' ಎಂದು ಕೇಳಬೇಡಿ

ನನ್ನ ಇಷ್ಟು ವರ್ಷದ ಕೆಲಸದಲ್ಲಿ ತಿಳಿದ ಒಂದು ಮಾತಿದೆ. 'ಅರ್ಥ ಆಯ್ತಾ?' ಎಂಬ ಪ್ರಶ್ನೆಗೆ ಎಲ್ಲ ಭಾಷೆಯವರೂ ಒಂದೇ ಉತ್ತರ ಕೊಡುತ್ತಾರೆ. "ಹೂಂ." ಕೆಲವರು ಬಾಯಲ್ಲಿ ಹೇಳುತ್ತಾರೆ, ಕೆಲವರು ತಲೆ ಆಡಿಸುತ್ತಾರೆ.

ಯಾಕೆ? ಬಿಳಿ ಬಟ್ಟೆ ಕಂಡರೆ ಭಯ. ಹಿಂದೆ ಕ್ಯೂ ನಿಂತಿದೆ, ಇನ್ನೊಮ್ಮೆ ಕೇಳಿದರೆ ಬೈದಾರು ಎಂಬ ಅಂಜಿಕೆ. ಓದು ಬರಹ ಇಲ್ಲವೆಂದು ತೋರಿಸಿಕೊಳ್ಳಲು ನಾಚಿಕೆ. ಕೂಲಿ ಹೋಗುತ್ತದೆ, ಬೇಗ ಬಿಟ್ಟರೆ ಸಾಕು ಎಂಬ ಆತುರ. ಹೀಗೆ ಹೂಂ ಅಂದವರು ಔಷಧಿಯ ಕವರ್ ಹಿಡಿದುಕೊಂಡು ಗೇಟು ದಾಟುತ್ತಾರೆ. ಅಲ್ಲಿಂದ ಮುಂದೆ ಏನಾಗುತ್ತದೋ ನಮಗೆ ಕಾಣುವುದಿಲ್ಲ.

ಒಮ್ಮೆ ಝಾರ್ಖಂಡಿನ ತಾಯಿಯೊಬ್ಬಳು ಭೇದಿಯಾಗಿದ್ದ ಎರಡು ವರ್ಷದ ಮಗುವನ್ನು ಕರೆತಂದಿದ್ದಳು. ಮಗು ಚೇತರಿಸಿಕೊಂಡಿತು. ಮನೆಗೆ ಹೊರಡುವಾಗ ವಿದ್ಯಾರ್ಥಿನಿಯೊಬ್ಬಳು ಓ.ಆರ್.ಎಸ್. ಪ್ಯಾಕೆಟ್ ಕೊಟ್ಟು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ವಿವರಿಸಿದಳು. ತಾಯಿ ಪ್ರತಿ ಮಾತಿಗೂ ತಲೆಯಾಡಿಸಿದಳು. ನಮ್ಮ ಹಿರಿಯ ಸಿಸ್ಟರ್ ಒಂದು ಲೀಟರಿನ ಖಾಲಿ ಬಾಟಲಿ, ಒಂದು ಸ್ಟೀಲ್ ಲೋಟ, ನೀರು ಮುಂದಿಟ್ಟು, "ಕರ್ ಕೇ ದಿಖಾವೋ" ಅಂದರು. ಮಾಡಿ ತೋರಿಸು ಅಂತ. ತಾಯಿ ಇಡೀ ಪ್ಯಾಕೆಟ್ಟನ್ನು ಆ ಲೋಟಕ್ಕೆ ಸುರಿಯಲು ಹೊರಟಳು.

ಆ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಕಲಸಬೇಕು. ಒಂದು ಲೋಟ ನೀರಿಗೆ ಕಲಸಿದರೆ ಉಪ್ಪು ಅತಿಯಾಗಿ ಚಿಕ್ಕ ಮಗುವಿಗೆ ಅಪಾಯ. ಸಿಸ್ಟರ್ ಅವಳ ಕೈ ಹಿಡಿದು ಬಾಟಲಿಗೆ ಸುರಿಸಿದರು, ಕುಲುಕಿಸಿದರು, ಚಮಚದಿಂದ ಮಗುವಿಗೆ ಕುಡಿಸಿ ತೋರಿಸಿದರು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಬೇಕು ಎಂಬುದನ್ನು ಗಡಿಯಾರದ ಮೇಲೆ ಬೆರಳು ಎರಡು ಸುತ್ತು ತಿರುಗಿಸಿ ತಿಳಿಸಿದರು. ಎರಡನೇ ಸಲ ಅವಳೇ ತಾನಾಗಿ ಸರಿಯಾಗಿ ಮಾಡಿ ತೋರಿಸಿದಳು. ಹತ್ತು ನಿಮಿಷ ಹಿಡಿಯಿತು.

ಇದಕ್ಕೆ ನರ್ಸಿಂಗಿನಲ್ಲಿ 'ಟೀಚ್ ಬ್ಯಾಕ್' ಎನ್ನುತ್ತಾರೆ. ಹೇಳಿಸಿಕೊಂಡವರು ತಿರುಗಿ ನಮಗೆ ಹೇಳುವುದು, ಇಲ್ಲವೇ ಮಾಡಿ ತೋರಿಸುವುದು. ಪರೀಕ್ಷೆ ಮಾಡಿದ ಹಾಗೆ ಕೇಳಬಾರದು. "ನಾನು ಸರಿಯಾಗಿ ಹೇಳಿದೆನಾ ನೋಡೋಣ, ನೀವು ಮನೆಗೆ ಹೋಗಿ ಯಜಮಾನರಿಗೆ ಏನಂತ ಹೇಳ್ತೀರಿ?" ಎಂದು ಕೇಳಬೇಕು. ಪರೀಕ್ಷೆ ನಮಗೆ, ಅವರಿಗಲ್ಲ.

ಚಿತ್ರ ಮಾತಾಡುತ್ತದೆ

ಮಾತು ಸೋತಲ್ಲಿ ಚಿತ್ರ ಕೆಲಸಕ್ಕೆ ಬರುತ್ತದೆ. ಮಾತ್ರೆಯ ಕವರಿನ ಮೇಲೆ ನಾವು ಸೂರ್ಯ, ಚಂದ್ರ ಬರೆಯುವುದನ್ನು ನೀವು ನೋಡಿರಬಹುದು. ಹುಟ್ಟುವ ಸೂರ್ಯ ಬೆಳಿಗ್ಗೆಗೆ, ನೆತ್ತಿಯ ಸೂರ್ಯ ಮಧ್ಯಾಹ್ನಕ್ಕೆ, ಚಂದ್ರ ರಾತ್ರಿಗೆ. ಕಣ್ಣಿನ ಪರೀಕ್ಷೆಯಲ್ಲಿ ಓದು ಬಾರದವರಿಗೆ ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಹಲಗೆ ಇರುತ್ತದೆ. ಅದರ ಕಡ್ಡಿಗಳು ಯಾವ ಕಡೆಗಿವೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು, ಅಕ್ಷರ ಗೊತ್ತಿರಬೇಕಾಗಿಲ್ಲ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮುಖಗಳ ಸಾಲು. ನಗುವ ಮುಖದಿಂದ ಶುರುವಾಗಿ ಅಳುವ ಮುಖದವರೆಗೆ ಆರು ದುಂಡನೆಯ ಮುಖಗಳು. ಕೆಳಗೆ 0, 2, 4, 6, 8, 10 ಎಂಬ ಅಂಕಿಗಳು. 'ನಿನ್ನ ನೋವು ಇದರಲ್ಲಿ ಯಾವುದು?' ಎಂದರೆ ಮೂರು ವರ್ಷದ ಮಗುವೂ ಬೆರಳಿಟ್ಟು ತೋರಿಸಬಲ್ಲದು. ಇದನ್ನು ಮಾಡಿದವರು ಡೋನಾ ವಾಂಗ್ ಎಂಬ ನರ್ಸ್ ಮತ್ತು ಕಾನಿ ಬೇಕರ್ ಎಂಬ ಇನ್ನೊಬ್ಬ ಮಹಿಳೆ. ಕಾನಿ ಬೇಕರ್ ಅವರದು ಆಸ್ಪತ್ರೆಗೆ ಬಂದ ಮಕ್ಕಳಿಗೆ ಧೈರ್ಯ ತುಂಬುವ ಕೆಲಸ. 1980ರ ದಶಕದ ಆರಂಭದಲ್ಲಿ ಅಮೆರಿಕದ ಟಲ್ಸಾ ಊರಿನಲ್ಲಿ ಸುಟ್ಟಗಾಯದ ಮಕ್ಕಳ ನಡುವೆ ಇಬ್ಬರೂ ಕೆಲಸ ಮಾಡುತ್ತಿದ್ದರು. ಆ ಚಿಕ್ಕ ಮಕ್ಕಳಿಗೆ ತಮ್ಮ ನೋವನ್ನು ಅಂಕಿಯಲ್ಲಿ ಹೇಳಲು ಆಗುತ್ತಿರಲಿಲ್ಲ. ಇವರು ಖಾಲಿ ವೃತ್ತಗಳನ್ನು ಕೊಟ್ಟು ಮಕ್ಕಳಿಂದಲೇ ಮುಖ ಬರೆಸಿದರು. ಅದರಿಂದ ಹುಟ್ಟಿದ ಸಾಲು ಇವತ್ತು ಲೋಕದ ಎಷ್ಟೋ ಆಸ್ಪತ್ರೆಗಳ ಗೋಡೆಯ ಮೇಲಿದೆ. ದೊಡ್ಡವರಿಗೂ ಅದನ್ನೇ ತೋರಿಸುತ್ತೇವೆ. ಮಕ್ಕಳೇ, ಇದು ನಿಮ್ಮಂಥ ಮಕ್ಕಳಿಂದ ದೊಡ್ಡವರಿಗೆ ಬಂದ ಬಳುವಳಿ.

ಈಗ ಮೊಬೈಲೂ ಇದೆ. 2024ರಲ್ಲಿ ಗೂಗಲ್ ಅನುವಾದದ ಪಟ್ಟಿಗೆ ತುಳುವೂ ಸೇರಿತು. 'ನೀರು ಬೇಕಾ?', 'ಮಗ್ಗುಲು ತಿರುಗಿ' ಎನ್ನುವುದಕ್ಕೆ ಮೊಬೈಲ್ ಸಾಕು. ಆದರೆ ಆಪರೇಷನ್ನಿಗೆ ಒಪ್ಪಿಗೆ ತೆಗೆದುಕೊಳ್ಳುವಾಗ, ಔಷಧಿಯ ಪ್ರಮಾಣ ಹೇಳುವಾಗ ಅದೊಂದನ್ನೇ ನಂಬಬಾರದು. ಯಂತ್ರ ತಪ್ಪು ಹೇಳಿದರೂ ಧೈರ್ಯವಾಗಿಯೇ ಹೇಳುತ್ತದೆ. ಆಗಲೂ ತಿರುಗಿ ಹೇಳಿಸಿಕೊಳ್ಳಲೇಬೇಕು.

ಮಗುವಿನ ಹೆಗಲಿಗೆ ಹೊರೆ

ಈಗ ನಾನು ಬಹಳ ಮುಖ್ಯ ಎಂದುಕೊಂಡ ವಿಷಯಕ್ಕೆ ಬರುತ್ತೇನೆ. ಬೇರೆ ರಾಜ್ಯದಿಂದ ದುಡಿಯಲು ಬಂದವರ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿ ಒಂದೆರಡು ವರ್ಷದಲ್ಲಿ ಚೆನ್ನಾಗಿ ಕನ್ನಡ ಕಲಿಯುತ್ತಾರೆ. ತಂದೆ ತಾಯಿಗೆ ಕನ್ನಡ ಬಾರದು. ಹೀಗಾಗಿ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಮಕ್ಕಳೇ ದುಭಾಷಿ.

ಒಂದು ಸಂಜೆ ಆರನೇ ತರಗತಿಯ ಹುಡುಗನೊಬ್ಬ ತಾಯಿಯನ್ನು ಆಟೋದಲ್ಲಿ ಕರೆತಂದ. ಅವರದು ಬಿಹಾರ. ತಂದೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ತಾಯಿ ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದಳು. ಏನಾಯಿತು ಎಂದು ಕೇಳಿದೆ. ಹುಡುಗ ಅವಳನ್ನು ಕೇಳಿದ. ಅವಳು ಸುಮಾರು ಹೊತ್ತು ಸಣ್ಣ ದನಿಯಲ್ಲಿ ಮಾತಾಡಿದಳು, ನಡುವೆ ನಿಲ್ಲಿಸಿದಳು, ಮತ್ತೆ ಮಾತಾಡಿದಳು. ಹುಡುಗ ನೆಲ ನೋಡಿಕೊಂಡು, "ಹೊಟ್ಟೆ ನೋವಂತೆ" ಅಂದ.

ತಾಯಿ ಹೇಳಿದ್ದು ಹತ್ತು ಮಾತು, ಮಗ ತಂದದ್ದು ಎರಡು. ಉಳಿದ ಎಂಟು ಎಲ್ಲಿ ಹೋದವು? ನಾನು ಅವನ ಕೈಗೆ ಲೋಟ ಕೊಟ್ಟು ನೀರು ತರಲು ಕಳಿಸಿ ನಮ್ಮ ಆಯಾ ಅವರನ್ನು ಕೂಗಿದೆ. ಅವರ ಮನೆಮಾತು ಉರ್ದು, ನಮ್ಮ ಕಡೆಯ ದಖನಿ. ಹಿಂದಿಯವರ ಮಾತು ಅವರಿಗೆ ಚೆನ್ನಾಗಿ ತಿಳಿಯುತ್ತದೆ. ಪರದೆ ಎಳೆದು, ತಾಯಿಯ ಪಕ್ಕ ಕೂತು, ಅವಳ ಹಣೆ ಒರೆಸುತ್ತಾ ಕೇಳಿದರು. ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತು. ನೋವು ಒಂದೇ ಪಕ್ಕದಲ್ಲಿತ್ತು. ಕಣ್ಣು ಕತ್ತಲೆ ಬರುತ್ತಿತ್ತು.

ಇದನ್ನು ಕೇಳಿದ ಮೇಲೆ ಕಾಯುವ ಪ್ರಶ್ನೆಯೇ ಇರಲಿಲ್ಲ. ಡಾಕ್ಟರು ಓಡಿಬಂದರು, ಸ್ಕ್ಯಾನ್ ಆಯಿತು. ಗರ್ಭಕೋಶದೊಳಗೆ ಬೆಳೆಯಬೇಕಾದ ಭ್ರೂಣ ಹೊರಗಿನ ಅಂಡನಾಳದಲ್ಲಿ ಬೆಳೆದಿತ್ತು. ಆ ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ತುಂಬುತ್ತದೆ, ಹೊರಗೆ ಹೆಚ್ಚು ಕಾಣುವುದಿಲ್ಲ. ಆ ರಾತ್ರಿಯೇ ಆಪರೇಷನ್ ಆಯಿತು. ತಾಯಿ ಉಳಿದಳು.

ಆ ಹುಡುಗನದು ತಪ್ಪೇ? ಖಂಡಿತ ಅಲ್ಲ. ಅಮ್ಮ ಹೇಳಿದ್ದು ಅವನಿಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ತಿಳಿದಷ್ಟನ್ನು ಹೇಳಲು ನಾಚಿಕೆಯಾಗಿರಬೇಕು. ಅಮ್ಮನೂ ಮಗನ ಮುಂದೆ ಎಲ್ಲ ಹೇಳಿರಲಿಕ್ಕಿಲ್ಲ. ಮಕ್ಕಳು ಇಂಥ ಹೊತ್ತಿನಲ್ಲಿ ಅಮ್ಮನಿಗೆ ಭಯವಾಗದಂತೆ ಡಾಕ್ಟರ ಮಾತನ್ನೂ ಮೆತ್ತಗೆ ಮಾಡಿ ಹೇಳುತ್ತಾರೆ. ಮುಂದೆ ಏನಾದರೂ ಕೆಟ್ಟದ್ದಾದರೆ 'ನಾನು ಸರಿಯಾಗಿ ಹೇಳಲಿಲ್ಲ' ಎಂದು ಒಳಗೇ ಕೊರಗುತ್ತಾರೆ. ಆ ಹೊರೆ ಅವರ ವಯಸ್ಸಿಗೆ ಹೆಚ್ಚು.

ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನು, "ಅಕ್ಕಾ, ನಾನು ಸರಿಯಾಗಿ ಹೇಳ್ಲಿಲ್ವಾ?" ಎಂದು ಕೇಳಿದ.

"ನೀನು ಅಮ್ಮನ್ನ ತಡಮಾಡದೆ ಕರಕೊಂಡು ಬಂದೆಯಲ್ಲ ಮರಿ, ಅದು ದೊಡ್ಡ ಕೆಲಸ. ಉಳಿದದ್ದು ಕೇಳಿ ತಿಳಿದುಕೊಳ್ಳೋದು ನಮ್ಮ ಕೆಲಸ" ಅಂದೆ. ಆಯಾ ಅವನಿಗೆ ಬನ್ನು, ಹಾಲು ತಂದುಕೊಟ್ಟರು. ತಿಂದು ಅಲ್ಲೇ ಬೆಂಚಿನ ಮೇಲೆ ನಿದ್ದೆ ಮಾಡಿದ.

ಹಾಗಾದರೆ ಮಕ್ಕಳು ಏನೂ ಹೇಳಬಾರದೇ? ಹೇಳಬಹುದು. ಹೆಸರು, ಊರು, ಎಷ್ಟು ದಿನದಿಂದ ಜ್ವರ, ಮನೆಯಲ್ಲಿ ಯಾವ ಮಾತ್ರೆ ಕೊಟ್ಟಿದ್ದಾರೆ, ಅಪ್ಪನ ಫೋನ್ ನಂಬರ್, ಇದೆಲ್ಲ ಹೇಳಿದರೆ ನಮಗೆ ದೊಡ್ಡ ಸಹಾಯ. ಆದರೆ ದೊಡ್ಡ ಕಾಯಿಲೆಯ ಸುದ್ದಿಯನ್ನು, ಹೆಂಗಸರ ತೊಂದರೆಯನ್ನು, ಆಪರೇಷನ್ನಿನ ಒಪ್ಪಿಗೆಯನ್ನು ಮಗುವಿನ ಬಾಯಿಂದ ಆಡಿಸಬಾರದು. ಅದಕ್ಕೆ ದೊಡ್ಡವರನ್ನೇ ಹುಡುಕಬೇಕು. ಹುಡುಕಿದರೆ ಸಿಗುತ್ತಾರೆ. ಆಯಾ, ಲ್ಯಾಬಿನವರು, ಫಾರ್ಮಸಿಯವರು, ಇಲ್ಲವೇ ಇನ್ನೊಂದು ವಾರ್ಡಿನ ಸಿಸ್ಟರ್, ಯಾರಿಗಾದರೂ ಆ ಭಾಷೆ ಬರುತ್ತದೆ. ನಮ್ಮಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿಯನ್ನು ಸಿಸ್ಟರುಗಳ ಮೇಜಿನ ಹಿಂದೆ ಗೋಡೆಗೆ ಅಂಟಿಸಿದ್ದೇವೆ. ಹೆಸರಿನ ಮುಂದೆ ಫೋನ್ ನಂಬರ್. ಖರ್ಚು ಒಂದು ಹಾಳೆ ಕಾಗದ.

ನಾಳೆ ನಾವೂ ಹೊರಗಿನವರೇ

ನಮ್ಮ ಎಷ್ಟೋ ಹುಡುಗಿಯರು, ಹುಡುಗರು ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗುತ್ತಾರೆ. ಜರ್ಮನಿಯಲ್ಲಿ ನರ್ಸಾಗಿ ನೋಂದಾಯಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಪಾಸಾಗಬೇಕು. ಯುರೋಪಿನವರು ಲೆಕ್ಕ ಹಾಕುವ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು. ಅದನ್ನು ಹತ್ತಿಹೋದ ನಮ್ಮ ಹುಡುಗಿಯೊಬ್ಬಳು ಫೋನಿನಲ್ಲಿ ಹೇಳಿದಳು: "ಪರೀಕ್ಷೆ ಪಾಸಾದೆ ಅಕ್ಕಾ, ಆದ್ರೆ ಇಲ್ಲಿನ ಅಜ್ಜಿಯರು ಹಲ್ಲಿಲ್ಲದ ಬಾಯಲ್ಲಿ ತಮ್ಮೂರಿನ ಮಾತು ಆಡ್ತಾರೆ, ಅದು ಯಾವ ಪುಸ್ತಕದಲ್ಲೂ ಇರ್ಲಿಲ್ಲ." ಅಲ್ಲಿ ಅವಳ ತಪ್ಪು ಜರ್ಮನ್ನನ್ನು ಯಾರಾದರೂ ಸಹನೆಯಿಂದ ತಿದ್ದಿದರೆ ನಮಗೆ ಇಲ್ಲಿ ಸಮಾಧಾನ. ಇಲ್ಲಿಗೆ ಬಂದ ಕೇರಳದ, ಮಣಿಪುರದ ಹುಡುಗಿ ತಪ್ಪು ಕನ್ನಡ ಆಡಿದಾಗ ನಾವೂ ಹಾಗೆಯೇ ತಿದ್ದಬಹುದು. "ಕನ್ನಡ ಬರಲ್ವಾ?" ಎಂದು ಗದರಿದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಬಾಯಿ ಮುಚ್ಚಿಕೊಂಡ ನರ್ಸಿನಿಂದ ರೋಗಿಗೆ ಒಳ್ಳೆಯದಾಗುವುದಿಲ್ಲ.

ಕೊನೆಗೆ ಮನೆಯವರಿಗೆಲ್ಲ ನಾಲ್ಕು ಮಾತು. ಆಸ್ಪತ್ರೆಗೆ ಹೋಗುವಾಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೋ, ಖಾಲಿ ಸ್ಟ್ರಿಪ್ಪುಗಳನ್ನೋ ತಪ್ಪದೆ ಒಯ್ಯಿರಿ. ಯಾವುದಾದರೂ ಔಷಧಿ ಮೈಗೆ ಒಗ್ಗದಿದ್ದರೆ ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನೆಮಾತು ಯಾವುದೆಂದು ದಾಖಲಾಗುವಾಗಲೇ ಹೇಳಿ, ಸಂಕೋಚ ಬೇಡ. ಹೊರಡುವ ಮುಂಚೆ, "ಸಿಸ್ಟರ್, ನನಗೆ ತಿಳಿದದ್ದು ಹೀಗೆ, ಸರಿಯಾ?" ಎಂದು ಒಮ್ಮೆ ತಿರುಗಿ ಹೇಳಿ. ತಿಳಿಯದಿದ್ದರೆ ಹೂಂ ಅನ್ನಬೇಡಿ, ಇನ್ನೊಮ್ಮೆ ಕೇಳಿ. ಯಾರಾದರೂ ಗದರಿದರೆ ಗದರಲಿ, ಆದರೂ ಕೇಳಿ.

ಮಕ್ಕಳಿಗೆ ಈ ವಾರದ ಕೆಲಸ: ನಿಮ್ಮ ತರಗತಿಯಲ್ಲಿ, ಬೀದಿಯಲ್ಲಿ ಬೇರೆ ಭಾಷೆ ಆಡುವ ಐದು ಜನರನ್ನು ಹುಡುಕಿ. 'ಹೊಟ್ಟೆನೋವು' ಮತ್ತು 'ಭಯ ಬೇಡ' ಎಂಬುದಕ್ಕೆ ಅವರ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ, ಬರೆದು ನನಗೆ ಕಳಿಸಿ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಇನ್ನೂ ಕೆಲವು ಪುಟ ಖಾಲಿ ಇವೆ.

ಮುಂದಿನ ವಾರ: ಮನೆಯ ಔಷಧಿ ಡಬ್ಬಿಯಲ್ಲಿ ಏನಿರಬೇಕು, ಏನಿರಬಾರದು?